ಕಪ್ಪು ಬಳಿದ ಸಾಲುಗಳು

ಜನವರಿ ಇಪ್ಪತ್ತಾರರ ಬೆಳಿಗ್ಗೆ ಶಿರಸಿಯ ಒಂದು ಹೈಸ್ಕೂಲಿನ ಅಂಗಳದಲ್ಲಿ ಮೈಕಿನ ಮುಂದೆ ನಿಂತಿದ್ದಾಗ ನನ್ನ ದನಿ ಅರ್ಧ ಸಾಲಿಗೆ ನಿಂತುಹೋಯಿತು.

ದೀಪಾವಳಿಯಿಂದಲೇ ಗಂಟಲು ಒರಟಾಗಿತ್ತು. ಥಂಡಿ ಅಂದುಕೊಂಡೆ. ಜ್ಯೇಷ್ಠಮಧು ಜಗಿದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದೆ. ಎಡಗಿವಿಯ ಒಳಗೆ ಆಗಾಗ ಸೂಜಿ ಚುಚ್ಚಿದ ಹಾಗೆ ನೋವು ಬರುತ್ತಿತ್ತು. ಗಂಟಲಿನ ಕಾಯಿಲೆ ಕಿವಿಯಲ್ಲಿ ನೋಯುತ್ತದೆ ಎಂದು ಆಗ ಗೊತ್ತಿರಲಿಲ್ಲ. ಅವತ್ತು ನಾನು ಓದುತ್ತಿದ್ದದ್ದು ಇಪ್ಪತ್ತೈದು ವರ್ಷಗಳಿಂದ ಓದುತ್ತ ಬಂದ ಪದ್ಯ. ಬಾಯಿ ಆಡುತ್ತಿತ್ತು, ಗಾಳಿ ಹೊರಗೆ ಬರುತ್ತಿತ್ತು, ಶಬ್ದ ಮಾತ್ರ ಇರಲಿಲ್ಲ. ಹೆಡ್‌ಮಾಸ್ತರರು ಮೈಕು ಕೆಟ್ಟಿತೆಂದು ಅದರ ತಲೆಗೆ ತಟ್ಟಿದರು. ಮಕ್ಕಳು ನಕ್ಕರು.

ನನ್ನ ಹೆಸರು ಶಿವಾನಂದ. ಬನವಾಸಿ ಹತ್ತಿರದ ಹಳ್ಳಿಯವನು. ಸೇನೆಯಲ್ಲಿ ಸಿಗ್ನಲ್ ಕೆಲಸ ಮಾಡಿ ಹವಾಲ್ದಾರನಾಗಿ ನಿವೃತ್ತನಾದೆ. ಆಮೇಲೆ ಶಿರಸಿಯ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತೆ. ವರ್ಷದಲ್ಲಿ ಎರಡು ದಿನ ನಾನು ಯೋಧಕವಿ, ಉಳಿದ ದಿನ ಬ್ಯಾಂಕಿನ ವಾಚ್‌ಮನ್. ಕಪಾಟಿನ ಒಂದು ಖಾನೆ ತುಂಬ ಸನ್ಮಾನದ ಶಾಲುಗಳಿವೆ. ಒಂದೂ ಚಳಿಗೆ ಬರುವುದಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಬಯಾಪ್ಸಿಗೆ ಚೂರು ತೆಗೆದರು. ವಾರ ಬಿಟ್ಟು ಮತ್ತೆ ಹೋದೆವು. ಡಾಕ್ಟರು ಮಧ್ಯವಯಸ್ಸಿನ ಹೆಣ್ಣುಮಗಳು, ರಿಪೋರ್ಟನ್ನು ನನ್ನ ಕಡೆ ತಿರುಗಿಸಿ ಇಟ್ಟರು.

"ಲ್ಯಾರಿಂಕ್ಸ್ ಕ್ಯಾನ್ಸರ್ ಐತ್ರಿ. ಹೊರಗಿನ ಮೆದು ಎಲುಬಿಗೂ ಹಬ್ಬೇತಿ. ಟೋಟಲ್ ಲ್ಯಾರಿಂಜೆಕ್ಟಮಿ ಮಾಡಬೇಕಾಗ್ತದ."

"ಅಂದ್ರ?" ಎಂದು ಕೇಳಿದ್ದು ಗಿರಿಜಾ, ನನ್ನ ಹೆಂಡತಿ.

"ಧ್ವನಿಪೆಟ್ಟಿಗಿ ಪೂರಾ ತೆಗಿತೀವಿ. ಕುತ್ತಿಗ್ಯಾಗ ಒಂದು ತೂತು ಇರ್ತದ, ಅದರಾಗ ಉಸಿರಾಡಬೇಕು. ಜೀವ ಉಳೀತದ."

ಜೀವ ಉಳಿಯುತ್ತದೆ ಎಂದ ಕೂಡಲೇ ಗಿರಿಜಾ ಕೈ ಮುಗಿದಳು. ನಾನು ಮುಗಿಯಲಿಲ್ಲ. ಬೀಡಿ ಸಿಗರೇಟು ಎಷ್ಟು ವರ್ಷ ಸೇದಿದ್ದೀರಿ ಎಂದು ಡಾಕ್ಟರು ಕೇಳಿದರು. ಇಪ್ಪತ್ತು ಎಂದೆ. ಎಲ್ಲಿ ಶುರುವಾಯಿತು ಎಂದರು. ಬೆಟ್ಟದ ಮೇಲೆ ಎಂದೆ. ಅವರು ಬರೆದುಕೊಂಡರು. ಯಾವ ಬೆಟ್ಟ ಎಂದು ಕೇಳಲಿಲ್ಲ.

ಆಪರೇಶನ್ನಿಗೆ ಹನ್ನೊಂದು ದಿನ ಇತ್ತು.

"ಮಾತಾಡೂದು ಏನರ ಇದ್ರ ಮನಿಯವರ ಕೂಡ ಮಾತಾಡ್ರಿ. ಬೇಕಾದ್ರ ಫೋನಿನಾಗ ರೆಕಾರ್ಡ್ ಮಾಡಿ ಇಟ್ಕೊಳ್ರಿ" ಎಂದು ಡಾಕ್ಟರು ಮೃದುವಾಗಿಯೇ ಹೇಳಿದರು.

ಮನೆಗೆ ಬಂದು ಎರಡು ದಿನ ನಾನು ಏನೂ ಮಾತಾಡಲಿಲ್ಲ. ಇದ್ದ ಪಿಸುದನಿಯನ್ನು ಯಾವುದಕ್ಕೆ ಖರ್ಚು ಮಾಡುವುದು ಎಂದು ಯೋಚಿಸುತ್ತ ಕೂತೆ. ಧಾರವಾಡದಲ್ಲಿ ಬಿ.ಎಡ್. ಓದುವ ಮಗಳು ಬಂದು, ಆ ಪದ್ಯವನ್ನು ಕೊನೆಯ ಸಲ ಓದಿ ಅಪ್ಪಾಜಿ, ಫೋನಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದಳು. ನಾನು ಬೇಡ ಎಂದು ಕೈಯಾಡಿಸಿದೆ. ಆ ಪದ್ಯ ಸುಳ್ಳು ಎಂದು ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಹೇಳಬೇಕಾದರೆ ಕೇಶವನ ವಿಷಯ ಹೇಳಬೇಕು.

ಕೇಶವ ಯಲ್ಲಾಪುರ ತಾಲೂಕಿನ ಮಂಚಿಕೇರಿಯವನು, ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಕಾರ್ಗಿಲ್ ಯುದ್ಧದ ಬೇಸಿಗೆಯಲ್ಲಿ ನಾವಿಬ್ಬರೂ ಒಂದೇ ಬೆಟಾಲಿಯನ್ನಿನಲ್ಲಿದ್ದೆವು. ನಾನು ಕೆಳಗಿನ ಪೋಸ್ಟಿನ ಬಂಕರಿನಲ್ಲಿ ಫೋನಿನ ಎಕ್ಸ್‌ಚೇಂಜಿನ ಮುಂದೆ ಕೂರುತ್ತಿದ್ದೆ. ಅವನು ಮೇಲಿನ ಪೋಸ್ಟಿನಲ್ಲಿ ಲೈನ್‌ಮನ್. ಶೆಲ್ ಬಿದ್ದು ತಂತಿ ಹರಿದಾಗಲೆಲ್ಲ ಬೆಟ್ಟದ ಮೈಮೇಲೆ ತೆವಳಿಕೊಂಡು ಹೋಗಿ ಕಟ್ಟಿ ಬರುವುದು ಅವನ ಕೆಲಸ. ದಿನಕ್ಕೆ ಎರಡು ಸಲ ಲೈನ್ ಟೆಸ್ಟ್ ಮಾಡಬೇಕಿತ್ತು. ಬೇರೆಯವರು ಒನ್, ಟೂ, ಥ್ರೀ ಎನ್ನುತ್ತಿದ್ದರು. ಕೇಶವ ಪದ್ಯ ಹೇಳುತ್ತಿದ್ದ. ನಾನೂ ತಿರುಗಿ ಪದ್ಯ ಹೇಳುತ್ತಿದ್ದೆ. ಕನ್ನಡ ತಿಳಿಯದ ನಮ್ಮ ಸುಬೇದಾರರು ಅದನ್ನು ಯಾವುದೋ ದೇವರ ಸ್ತೋತ್ರ ಎಂದುಕೊಂಡು ಸುಮ್ಮನಿದ್ದರು.

ಯುದ್ಧದಲ್ಲಿ ಕವಿಗಳಿಗೆ ಬರ ಇರುವುದಿಲ್ಲ. ಅಡುಗೆಯ ಗಢವಾಲಿಯೊಬ್ಬ ಹಿಟ್ಟು ಕಲಸುತ್ತ ಹಾಡು ಕಟ್ಟುತ್ತಿದ್ದ. ಸುಬೇದಾರರೇ ಶಾಯರಿ ಬರೆಯುತ್ತಿದ್ದರು, ಎಲ್ಲವೂ ಹೆಂಡತಿಯ ಮೇಲೆ. ಆ ಚಳಿಗೆ ಪೆನ್ನಿನ ರೀಫಿಲ್ ಹೆಪ್ಪುಗಟ್ಟುತ್ತಿತ್ತು. ಕಂಕುಳಲ್ಲಿ ಇಟ್ಟು ಬಿಸಿ ಮಾಡಿದರೆ ಎರಡು ಸಾಲು ಬರೆಯಬಹುದಿತ್ತು, ಹಾಗಾಗಿ ಎಲ್ಲರೂ ಪೆನ್ಸಿಲ್ಲಿನ ತುಂಡಿಗೆ ಜಗಳಾಡುತ್ತಿದ್ದರು. ಬಿಸ್ಕತ್ತಿನ ಪೆಟ್ಟಿಗೆಯ ರಟ್ಟು, ಮೆಸೇಜ್ ಪ್ಯಾಡಿನ ಬೆನ್ನು, ಏನು ಸಿಕ್ಕರೂ ಕಾಗದ. ಸಾಯುವ ಭಯ ಇದ್ದಾಗ ಮನುಷ್ಯ ಪ್ರಾಸ ಹುಡುಕುತ್ತಾನೆ. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮುಂದಿನ ಸಾಲಿಗೆ ಒಂದು ಶಬ್ದ ಬಾಕಿ ಇದೆ ಎಂದರೆ ಅಷ್ಟು ಹೊತ್ತು ಬದುಕಲು ಒಂದು ನೆವ ಸಿಕ್ಕಂತೆ ಇರಬೇಕು.

ನಮ್ಮಲ್ಲಿ ಹೆಚ್ಚಿನವರ ಪದ್ಯಗಳು ಒಂದೇ ಥರ ಇದ್ದವು. ತಾಯಿ, ಮಣ್ಣು, ರಕ್ತ, ತಿಲಕ. ನನ್ನವೂ ಹಾಗೆಯೇ. ಕೇಶವ ಕಂಡದ್ದನ್ನು ಬರೆಯುತ್ತಿದ್ದ.

ಮನೆಗೆ ಬರೆದ ಕಾಗದಗಳನ್ನು ಆಗ ಓದಿ ನೋಡಿಯೇ ಕಳಿಸುತ್ತಿದ್ದರು. ಜಾಗದ ಹೆಸರು, ಎಷ್ಟು ಜನ ಇದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಎಂಬುದು ಹೊರಗೆ ಹೋಗುವಂತಿರಲಿಲ್ಲ. ಕನ್ನಡ ಕಾಗದ ಓದಲು ಅಧಿಕಾರಿಗಳಿಗೆ ಬಾರದ್ದರಿಂದ ಅವು ನನ್ನ ಹತ್ತಿರ ಬರುತ್ತಿದ್ದವು. ತಪ್ಪು ಕಂಡಲ್ಲಿ ಕಪ್ಪು ಶಾಯಿ ಬಳಿಯುವುದು ನನ್ನ ಕೆಲಸ. ಕೇಶವನಿಗೆ ಇದು ಗೊತ್ತಿರಲಿಲ್ಲ. ಅವನು ತನ್ನ ಅಕ್ಕ ಭಾಗೀರಥಿಗೆ ಪ್ರತಿ ಕಾಗದದಲ್ಲೂ ಒಂದು ಪದ್ಯ ಕಳಿಸುತ್ತಿದ್ದ. ಅಂಥ ಏಳು ಕಾಗದಗಳಲ್ಲಿ ನಾಲ್ಕಕ್ಕೆ ನಾನು ಕಪ್ಪು ಬಳಿದೆ. ಎರಡಕ್ಕೆ ಬಳಿದದ್ದು ನಿಯಮದ ಪ್ರಕಾರ. ನಾಲ್ಕನೆಯದರ ವಿಷಯ ಆಮೇಲೆ ಹೇಳುತ್ತೇನೆ. ಮೂರನೆಯದರಲ್ಲಿ ಇದ್ದದ್ದು ಇಷ್ಟು:

ನಾನು ಗುರಿಯಿಟ್ಟವನ ಮೂಗು ಸೋರುತ್ತಿತ್ತು
ಅವನು ತೋಳಿನಿಂದ ಒರೆಸಿಕೊಂಡ
ನಾನೂ ಒರೆಸಿಕೊಂಡೆ
ಆಮೇಲೆ ಅವನೊಬ್ಬನೇ ಬಿದ್ದ

ಇದರಲ್ಲಿ ಗುಟ್ಟು ಯಾವುದೂ ಇರಲಿಲ್ಲ. ಇವನಿಗೆ ಧೈರ್ಯ ಕುಂದಿದೆ ಎಂದು ಯಾರಾದರೂ ತಿಳಿದಾರು, ಗೆಳೆಯನನ್ನು ಉಳಿಸಬೇಕು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ.

ಆ ಪದ್ಯ ನನ್ನ ಎಲ್ಲ ಪದ್ಯಗಳಿಗಿಂತ ಚೆನ್ನಾಗಿತ್ತು.

ಅದಕ್ಕೇ ಬಳಿದೆ. ಎರಡು ಸಲ ಬಳಿದೆ, ಬೆಳಕಿಗೆ ಹಿಡಿದರೂ ಕಾಣದ ಹಾಗೆ. ಮೂರು ವಾರದ ನಂತರ ಕೇಶವ ಲೈನಿನಲ್ಲಿ ಬೇಜಾರಿನಿಂದ, "ಅಕ್ಕನ ಕಾಗದ ಬಂತು ಮಾರಾಯ. ಆ ಪದ್ಯದ ಬಗ್ಗೆ ಒಂದು ಮಾತೂ ಬರೀಲಿಲ್ಲ. ಹಿಡಿಸ್ಲಿಲ್ಲ ಕಾಣ್ತದೆ" ಎಂದ.

"ಹೆಣ್ಣಮಕ್ಕಳಿಗೆ ಅಂಥಾದ್ದು ತಿಳಿಯೂದಿಲ್ಲ ಬಿಡು" ಎಂದೆ ನಾನು.

ಜುಲೈ ಮೊದಲ ವಾರ. ಊಟದ ಹೊತ್ತು. ಲೈನು ಸತ್ತಿತು. ಅರ್ಧ ತಾಸಿನ ಮೇಲೆ ಎಕ್ಸ್‌ಚೇಂಜಿನ ಗಂಟೆ ಹೊಡೆಯಿತು. ಕೇಶವ ಎರಡು ಪೋಸ್ಟುಗಳ ನಡುವೆ ತಂತಿ ಕಟ್ಟುತ್ತಿದ್ದಾಗ ಶೆಲ್ಲಿನ ಚೂರು ಹೊಟ್ಟೆಗೆ ಬಡಿದಿತ್ತು. ಲೈನ್‌ಮನ್ನರ ಹತ್ತಿರ ತಂತಿಗೆ ಸಿಕ್ಕಿಸಿ ಮಾತಾಡುವ ಸಣ್ಣ ಫೋನು ಇರುತ್ತದೆ. ಅದರಲ್ಲಿ ಮಾತಾಡಿದ. ಸುಮಾರು ಒಂದೂವರೆ ತಾಸು ಮಾತಾಡಿದ. ಶೆಲ್ಲಿಂಗ್ ನಿಲ್ಲುವವರೆಗೆ ಅವನ ಹತ್ತಿರ ಯಾರೂ ಹೋಗುವಂತಿರಲಿಲ್ಲ. ಎರಡು ಸಲ ಹೊರಟವರು ಎರಡು ಸಲವೂ ಹಿಂದೆ ಬಂದರು.

ನೀರು ಕೇಳಿದ. ನಾನು, "ಬರಾಕತ್ತಾರ, ಹತ್ತು ನಿಮಿಷ" ಎಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಅದನ್ನೇ ಹೇಳಿದೆ. ಅವನು, "ಸುಳ್ಳು ಹೇಳ್ಬೇಡ ಮಾರಾಯ, ನೀರು ಕಳ್ಸು" ಎಂದ. ನನ್ನನ್ನು ಬಯ್ದ. ಸುಬೇದಾರರನ್ನು ಬಯ್ದ. ಅಳು ಬಂದಾಗ ಅತ್ತ. ತಾಯಿಯ ಹೆಸರು ಹೇಳಲಿಲ್ಲ, ದೇಶದ ಹೆಸರು ಹೇಳಲಿಲ್ಲ, ಒಂದು ಸಾಲು ಪದ್ಯ ಹೇಳಲಿಲ್ಲ. ಕೊನೆಕೊನೆಗೆ ಬರೀ ಉಸಿರು ಕೇಳುತ್ತಿತ್ತು. ಆಮೇಲೆ ಲೈನು ಸರಿ ಇತ್ತು. ತಂತಿ ಗಟ್ಟಿಯಾಗಿ ಕಟ್ಟಿದ್ದ.

ಯುದ್ಧ ಮುಗಿದು ರಜೆಯಲ್ಲಿ ಬಂದಾಗ ಮಂಚಿಕೇರಿಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಕೇಶವನ ತಾಯಿ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ನೀವು ಅವನ ಜೊತೆ ಇದ್ದವರು, ಏನಾದರೂ ಹೇಳಿ ಎಂದರು. ನಾನು ಹಿಂದಿನ ದಿನ ಬರೆದ ಪದ್ಯ ಓದಿದೆ.

ನಗುನಗುತಾ ಮಲಗಿದನು ಹಿಮದ ಹಾಸಿಗೆಯಲ್ಲಿ
ತಾಯಿ ಭಾರತಿಯ ಹೆಸರು ಕೊನೆಯ ಉಸಿರಿನಲಿ

ತಾಯಿ ಎದ್ದು ಬಂದು ನನ್ನ ಕೆನ್ನೆ ಸವರಿದಳು. ಪೇಪರಿನಲ್ಲಿ ಪದ್ಯ ಬಂತು. ಶಾಲೆಗಳವರು ಕರೆದರು. ಶಿರಸಿ, ಸಿದ್ದಾಪುರ, ಯಲ್ಲಾಪುರ, ತ್ಯಾಗಲಿಯಂಥ ಸಣ್ಣ ಊರುಗಳಿಗೂ ಜೀಪು ಕಳಿಸಿ ಕರೆದರು. ನನ್ನ ದನಿ ಚೆನ್ನಾಗಿತ್ತು. ಮೂರನೆಯ ಚರಣಕ್ಕೆ ಬರುವಾಗ ಸ್ವಲ್ಪ ನಡುಗಿಸುವುದನ್ನು ಕಲಿತೆ.

ಹನ್ನೊಂದು ದಿನಗಳಲ್ಲಿ ನಾಲ್ಕು ಕಳೆದಿತ್ತು. ಐದನೆಯ ದಿನ ಗಿರಿಜಾಳಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೇಳಿದಳು. ಮುಗಿದ ಮೇಲೆ ಮೊರ ಕೆಳಗಿಟ್ಟಳು.

"ಇಷ್ಟ ವರ್ಷ ಮೈಕಿನಾಗ ಮಾತಾಡಿದ್ರಿ. ಮನ್ಯಾಗ ಇವತ್ತ ಮೊದಲ್ನೇ ಸಲ ಮಾತಾಡಾಕತ್ತೀರಿ" ಎಂದಳು. "ನಾಳಿಗೆ ಮಂಚಿಕೇರಿಗೆ ಹೋಗೂಣು."

ಯಲ್ಲಾಪುರದ ಬಸ್ಸಿನಲ್ಲಿ ಹೋದೆವು. ಕೇಶವನ ತಾಯಿ ತೀರಿಕೊಂಡು ಎಂಟು ವರ್ಷವಾಗಿತ್ತು. ಅಕ್ಕ ಭಾಗೀರಥಿ, ನಮಗೆಲ್ಲ ಭಾಗಕ್ಕ, ಮದುವೆಯಾಗಿರಲಿಲ್ಲ. ರಸ್ತೆ ಬದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಳು. ನಾವು ಹೋದಾಗ ಗಿರಣಿ ಓಡುತ್ತಿತ್ತು. ಅವಳ ಹುಬ್ಬು, ರೆಪ್ಪೆಯ ಮೇಲೆಲ್ಲ ಹಿಟ್ಟು. ನನ್ನನ್ನು ನೋಡಿ ಕೂರಲು ಸನ್ನೆ ಮಾಡಿದಳು. ನಾನು ಮಾತಾಡಿದೆ. ಆ ಸದ್ದಿನಲ್ಲಿ ನನ್ನ ಪಿಸುದನಿ ನನಗೇ ಕೇಳಲಿಲ್ಲ.

"ಎಂತ? ಜೋರು ಹೇಳು ತಮ್ಮ" ಎಂದಳು.

ಗಿರಿಜಾ ಅವಳ ಕಿವಿಯ ಹತ್ತಿರ ಹೋಗಿ, "ಅವರಿಗೆ ಜೋರು ಬರೂದಿಲ್ರಿ ಅಕ್ಕಾರ. ಗಂಟಲ ಕ್ಯಾನ್ಸರ್ ಆಗೇತಿ. ಮುಂದಿನ ವಾರ ದನಿ ತೆಗಿತಾರ" ಎಂದಳು.

ಭಾಗಕ್ಕ ಗಿರಣಿ ನಿಲ್ಲಿಸಿದಳು. ಬೀಸಲು ಬಂದಿದ್ದ ಇಬ್ಬರು ಹೆಂಗಸರಿಗೆ ಸಂಜೆ ಬರಲು ಹೇಳಿದಳು.

ನಾನು ಕಾಗದಗಳನ್ನು ಕೇಳಿದೆ. ತಗಡಿನ ಡಬ್ಬಿಯಲ್ಲಿ ಇಟ್ಟಿದ್ದಳು. ಏಳೂ ಇದ್ದವು. ಕಪ್ಪು ಬಳಿದ ಜಾಗದಲ್ಲಿ ಕಾಗದ ತೆಳ್ಳಗಾಗಿ ಕಂದಿತ್ತು.

"ಬೆಳಕಿಗೆ ಹಿಡ್ದು ನೋಡ್ದೆ. ಸೀಮೆಎಣ್ಣೆ ಹಚ್ಚಿ ನೋಡ್ದೆ. ಎಂತದೂ ಕಾಣ್ಲಿಲ್ಲ" ಎಂದಳು. "ಕಪ್ಪಿನ ವಿಷ್ಯ ಬರೀಲಿಕ್ಕೆ ಹೆದರಿ ಬಿಟ್ಟಿದ್ದೆ. ಅವ ಮುಂದಿನ ಕಾಗ್ದದಲ್ಲಿ ಕೇಳಿದ್ದ, ಪದ್ಯ ಹೇಗಿತ್ತು ಅಕ್ಕಾ ಅಂತ. ಓದಲಿಕ್ಕೇ ಆಗಲಿಲ್ಲ ಅಂತ ಬರ್ದೆ. ಆ ಕಾಗ್ದ ಮುಟ್ಟೋ ಮೊದ್ಲೇ ಅವ ಹೋದ. ಯಾವ ಪುಣ್ಯಾತ್ಮ ಬಳ್ದನೋ."

"ನಾನು."

ಅವಳಿಗೆ ಕೇಳಿಸಲಿಲ್ಲವೋ, ಅರ್ಥವಾಗಲಿಲ್ಲವೋ. ನಾನು ಎದೆ ಮುಟ್ಟಿ ತೋರಿಸಿ ಮತ್ತೆ ಹೇಳಿದೆ.

"ನಾನ ಬಳದಿದ್ದು ಅಕ್ಕಾ."

ಒಂದೊಂದೇ ಕಾಗದ ಹಿಡಿದು ಹೇಳುತ್ತ ಹೋದೆ. ಇಲ್ಲಿ ಇದ್ದದ್ದು ಬೆಟ್ಟದ ಹೆಸರು. ಇಲ್ಲಿ ಅಡಿಯ ಲೆಕ್ಕ. ಇಲ್ಲಿ ಪದ್ಯ. ಪದ್ಯ ಹೇಳಿದೆ. ನಾಲ್ಕೇ ಸಾಲು. ನಡುಗಿಸಲಿಲ್ಲ, ನಡುಗಿಸಲು ದನಿಯೇ ಇರಲಿಲ್ಲ. ಅವಳು ಇನ್ನೊಂದು ಸಲ ಹೇಳು ಎಂದಳು. ಹೇಳಿದೆ. ಮೂರನೆಯ ಸಲ ಅವಳೇ ನನ್ನ ಜೊತೆ ತುಟಿಯಾಡಿಸಿದಳು.

"ಇದರಲ್ಲಿ ಬಳಿಯುವಂಥಾದ್ದು ಎಂತ ಇತ್ತು?"

"ಹೊಟ್ಟೆಕಿಚ್ಚು" ಎಂದೆ.

ಕಪ್ಪು ಬಳಿದವುಗಳಲ್ಲಿ ನಾಲ್ಕನೆಯದನ್ನು ತೋರಿಸಿದಳು. ಆರು ಸಾಲಿನಷ್ಟು ಕಪ್ಪು. ಅದು ಕೇಶವ ಬರೆದ ಕೊನೆಯ ಕಾಗದ. ನಾನು ಎಷ್ಟು ಹೊತ್ತು ನೋಡಿದರೂ ನೆನಪಾಗಲಿಲ್ಲ. ಯಾಕೆ ಬಳಿದೆ ಎಂಬುದೂ ನೆನಪಾಗಲಿಲ್ಲ. ಅವತ್ತು ತುಂಬ ಕಾಗದಗಳಿದ್ದವು, ನಿದ್ದೆ ಇರಲಿಲ್ಲ. ಅದನ್ನೂ ಹೇಳಿದೆ. ಆಮೇಲೆ ಅವನು ಸತ್ತ ರೀತಿ ಹೇಳಿದೆ. ನೀರು, ಹತ್ತು ನಿಮಿಷ, ಬೈಗುಳ, ಎಲ್ಲ. ಹೇಳುತ್ತ ಹೇಳುತ್ತ ಅವತ್ತಿನ ಮಟ್ಟಿಗೆ ದನಿ ಪೂರ್ತಿ ನಿಂತಿತು. ಉಳಿದದ್ದನ್ನು ಗಿರಿಜಾ ಹೇಳಿದಳು.

ಭಾಗಕ್ಕ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ಅಳುತ್ತಿರಲಿಲ್ಲ.

"ಅಮ್ಮ ಸಾಯೋವರೆಗೂ ನಿನ್ನ ಪದ್ಯ ನಂಬಿದ್ಲು. ಅವ್ಳಿಗೆ ಅದ್ರಿಂದ ಸುಖ ಸಿಕ್ತು. ಅದಕ್ಕೆ ನಿಂಗೆ ಪುಣ್ಯ ಬರ್ಲಿ" ಎಂದಳು. "ಒಂದು ಕೇಳ್ತೆ. ದನಿ ಹೋಗ್ತದೆ ಅಂತ ಆಗದೇ ಹೋಗಿದ್ರೆ ನೀ ಬರ್ತಿದ್ಯಾ?"

ಇಲ್ಲ ಎಂದು ತಲೆಯಾಡಿಸಿದೆ.

"ವರ್ಷವರ್ಷ ಬಂದು ಈ ಮನೆಯಲ್ಲಿ ಊಟ ಮಾಡಿ ಹೋಗಿದೀಯ. ಈಗ ನಿನ್ನ ಗಂಟ್ಲಿಗೆ ಬಂದ ಮೇಲೆ ಇಳಿಸ್ಲಿಕ್ಕೆ ಬಂದೆ. ಇಳಿಸಿದೆ. ಇನ್ನು ಹೋಗು. ಆಪರೇಶನ್ ಮಾಡಿಸ್ಕೋ."

ಎದ್ದು ಗಿರಣಿ ಚಾಲೂ ಮಾಡಿದಳು.

ಉಳಿದ ಐದು ದಿನದ ದನಿಯಲ್ಲಿ ನಾನು ಏನು ಮಾತಾಡಿದೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಚಹಾ ಬೇಕು. ಚೀಲ ಎಲ್ಲಿದೆ. ಆಪರೇಶನ್ ಥಿಯೇಟರಿನ ಬಾಗಿಲಲ್ಲಿ ಗಿರಿಜಾಳಿಗೆ, "ಮನಿಯ ಬೀಗ ಹಾಕೀಯೇನು?" ಎಂದು ಕೇಳಿದೆ.

ಅದೇ ನನ್ನ ದನಿಯ ಕೊನೆಯ ವಾಕ್ಯ.

ಎಚ್ಚರವಾದಾಗ ಐಸಿಯುನಲ್ಲಿದ್ದೆ. ಮೂಗಿನಲ್ಲಿ ಊಟದ ನಳಿಗೆ. ಕುತ್ತಿಗೆಯಲ್ಲಿ ಸ್ಟೋಮಾ, ಅಂದರೆ ಉಸಿರಿನ ತೂತು. ಕೆಮ್ಮಿದರೆ ಕಫ ಬಾಯಿಗೆ ಬರುತ್ತಿರಲಿಲ್ಲ, ಎದೆಯ ಮೇಲೆ ಬೀಳುತ್ತಿತ್ತು. ನರ್ಸು ಕಫ ಎಳೆಯುವ ಸಕ್ಷನ್ ನಳಿಗೆ ಇಳಿಸಿದಾಗ ಮುಳುಗುತ್ತಿದ್ದೇನೆ ಅನಿಸುತ್ತಿತ್ತು. ಕೂಗಲು ಬಾಯಿ ತೆರೆದೆ. ಬಾಯಿ ತೆರೆದುಕೊಂಡೇ ಇತ್ತು. ಮೂರನೆಯ ದಿನ ಬಿಳಿ ಹಲಗೆ, ಮಾರ್ಕರ್ ಪೆನ್ನು ಕೊಟ್ಟರು. ಮೊದಲು ಬರೆದ ಶಬ್ದ ನೀರು. ಬಾಯಿಂದ ಕುಡಿಯುವಂತಿರಲಿಲ್ಲ. ನರ್ಸಮ್ಮ ಒದ್ದೆ ಹತ್ತಿಯಿಂದ ತುಟಿ ಒರೆಸಿ, "ಇನ್ನೊಂದು ವಾರರೀ ಅಂಕಲ್" ಎಂದಳು.

ಬೆಟ್ಟದ ಮೇಲಿನ ಒಬ್ಬನಿಗೆ ಹತ್ತು ನಿಮಿಷ ಎಂದು ನಾನು ಹೇಳಿದ್ದೆ. ಇವಳು ವಾರ ಎಂದಳು, ವಾರಕ್ಕೆ ಸರಿಯಾಗಿ ಕೊಟ್ಟಳು.

ಮನೆಗೆ ಬಂದ ಮೇಲೆ ಗಿರಿಜಾ ಸಕ್ಷನ್ ಮಾಡುವುದನ್ನು ಕಲಿತಳು. ಸ್ನಾನಕ್ಕೆ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಬಟ್ಟೆ ಕಟ್ಟುತ್ತಾಳೆ, ನೀರು ತೂತಿಗೆ ಹೋದರೆ ನೇರ ಶ್ವಾಸಕೋಶಕ್ಕೆ. ವಾಸನೆ ತಿಳಿಯುವುದಿಲ್ಲ. ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ. ಬಿಸಿ ಚಹಾ ಊದಿ ಆರಿಸಲು ಬರುವುದಿಲ್ಲ. ಅವಳನ್ನು ಕರೆಯಬೇಕಾದರೆ ತಾಟಿಗೆ ಚಮಚದಿಂದ ಬಡಿಯಬೇಕು. ಮೊದಮೊದಲು ಓಡಿ ಬರುತ್ತಿದ್ದಳು. ಒಂದು ದಿನ ಬರಲಿಲ್ಲ. ನಾನು ಎದ್ದು ಹೋಗಿ ನೋಡಿದೆ. ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದಳು.

"ನಾನೂ ಮನಷ್ಯಾಳ ರೀ" ಎಂದಳು.

ಅಂದಿನಿಂದ ತಾಟು ಬಡಿಯುವುದು ಬಿಟ್ಟೆ. ಬೇಕಾದ್ದು ನಾನೇ ಎದ್ದು ತೆಗೆದುಕೊಳ್ಳುತ್ತೇನೆ.

ಆರು ವಾರ ರೇಡಿಯೇಷನ್. ಕುತ್ತಿಗೆಯ ಚರ್ಮ ಸುಟ್ಟ ಬದನೆಕಾಯಿಯ ಹಾಗಾಯಿತು. ಸ್ಪೀಚ್ ಥೆರಪಿಯವರು ಒಂದು ಯಂತ್ರ ಕೊಟ್ಟರು. ಟಾರ್ಚಿನಷ್ಟು ಉದ್ದ. ಗದ್ದದ ಕೆಳಗೆ ಒತ್ತಿ ಹಿಡಿದು ಬಾಯಿ ಆಡಿಸಿದರೆ ಮಾತು ಗುಂಯ್‌ಗುಟ್ಟುತ್ತ ಬರುತ್ತದೆ. ಏರಿಲ್ಲ, ಇಳಿವಿಲ್ಲ, ಸಿಟ್ಟಿಗೂ ಪ್ರೀತಿಗೂ ಒಂದೇ ಸ್ವರ. ಮನೆಯಲ್ಲಿ ಎರಡು ಸಲ ಪ್ರಯತ್ನಿಸಿ ಪೆಟ್ಟಿಗೆಯಲ್ಲಿ ಇಟ್ಟೆ. ಮೈಕು ಬೇಡದಷ್ಟು ದನಿ ಇದ್ದವನು ನಾನು. ನಾಚಿಕೆಯಾಯಿತು.

ಆಗಸ್ಟಿನಲ್ಲಿ ಹೆಡ್‌ಮಾಸ್ತರರು ಮನೆಗೆ ಬಂದರು. ಒಳ್ಳೆಯ ಮನುಷ್ಯ. ಹಣ್ಣು ತಂದಿದ್ದರು.

"ಸರ್, ನೀವು ಮಾತಾಡುದು ಎಂತದೂ ಬೇಡ. ಬಂದು ಕೂತ್ರೆ ಸಾಕು. ಮಕ್ಕಳಿಗೆ ಅದೇ ದೊಡ್ಡದು" ಎಂದರು.

ಹೋದೆ. ಹೋಗಬಾರದಿತ್ತು. ಶಾಲು ಹೊದಿಸಿದರು, ಸ್ಟೋಮಾದ ಮೇಲೆ ಬಂತು, ನಾನೇ ಸರಿಸಿದೆ. ಧ್ವಜ ಏರಿತು. ಆಮೇಲೆ ಹೆಡ್‌ಮಾಸ್ತರರು, ಈಗ ನಿಮಗೊಂದು ಅಚ್ಚರಿ ಎಂದು ಫೋನನ್ನು ಸ್ಪೀಕರಿಗೆ ಜೋಡಿಸಿದರು.

ನನ್ನ ದನಿ ಬಂತು.

ಮೂರು ವರ್ಷದ ಹಿಂದೆ ಯಾರೋ ಮಾಡಿಕೊಂಡ ರೆಕಾರ್ಡು. ದುಂಡಗಿನ, ತುಂಬಿದ ದನಿ. ನಗುನಗುತಾ ಮಲಗಿದನು. ಮಕ್ಕಳು ಎದ್ದು ನಿಂತರು. ಶಿಕ್ಷಕಿಯೊಬ್ಬರು ಕಣ್ಣೊರೆಸಿಕೊಂಡರು. ನನ್ನ ದನಿ ಸತ್ತು ಆರು ತಿಂಗಳಾಗಿತ್ತು, ಅದರ ಸುಳ್ಳು ಮಾತ್ರ ಗಟ್ಟಿಮುಟ್ಟಾಗಿತ್ತು. ನಿಲ್ಲಿಸಿ ಎಂದು ಕೈಯಾಡಿಸಿದೆ. ನಾನು ಸಭೆಗೆ ನಮಸ್ಕರಿಸುತ್ತಿದ್ದೇನೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಜೇಬಿನ ಚೀಟಿಯಲ್ಲಿ "ನಿಲ್ಲಿಸಿ, ಇದು ಸುಳ್ಳು" ಎಂದು ಬರೆದು ಹೆಡ್‌ಮಾಸ್ತರರ ಕೈಗೆ ಕೊಟ್ಟೆ. ಅವರು ಓದಿದರು. ನನ್ನ ಮುಖ ನೋಡಿದರು. ಚೀಟಿ ಮಡಚಿ ಜೇಬಿನಲ್ಲಿಟ್ಟುಕೊಂಡು ಮೈಕಿನಲ್ಲಿ, "ಸರ್ ಭಾವುಕರಾಗಿದ್ದಾರೆ" ಎಂದರು.

ಮೂರನೆಯ ಚರಣದಲ್ಲಿ ನನ್ನ ದನಿ ಹೇಗೆ ನಡುಗಬೇಕೋ ಹಾಗೆಯೇ ನಡುಗಿತು.

ಮರುದಿನ ನಾಲ್ಕು ಪುಟ ಬರೆದು ಶಾಲೆಗೆ ಕಳಿಸಿದೆ. ಕೇಶವ ಸತ್ತದ್ದು ಹೇಗೆ, ನಾನು ಬಳಿದದ್ದು ಏನು, ಆ ಪದ್ಯ ಇನ್ನು ಓದಿಸಬೇಡಿ. ಜೊತೆಗೆ ಕೇಶವನ ನಾಲ್ಕು ಸಾಲು. ಹೆಡ್‌ಮಾಸ್ತರರು ಸಂಜೆ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಓದಿದೆ ಸರ್. ನಂಗೆ ಅರ್ಥ ಆಗ್ತದೆ. ಆದರೆ ಮಕ್ಕಳಿಗೆ ಮೂಗು ಸೋರುದು, ಒರೆಸಿಕೊಳ್ಳುದು ಹೇಗೆ ಹೇಳಿಕೊಡುದು? ನಿಮ್ಮ ಪದ್ಯ ಈಗ ನಿಮ್ಮದಲ್ಲ ಸರ್, ಊರಿಂದು."

ಪುಟಗಳನ್ನು ನನ್ನ ಮುಂದಿಟ್ಟು ಹೋದರು. ಅವುಗಳನ್ನೇ ಬೆಳೆಸಿ ಈಗ ಇದನ್ನು ಬರೆಯುತ್ತಿದ್ದೇನೆ.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಭಾಗಕ್ಕ. ಗಿರಣಿಯ ಬೆಲ್ಟು ಹರಿದಿತ್ತಂತೆ, ಹೊಸತು ಕೊಳ್ಳಲು ಶಿರಸಿಗೆ ಬಂದಿದ್ದಳು. ಕೈಯಲ್ಲಿ ಬೆಲ್ಟಿನ ಸುರುಳಿ. ನನ್ನ ಕುತ್ತಿಗೆಯನ್ನು ಮುಚ್ಚುಮರೆ ಇಲ್ಲದೆ ನೋಡಿದಳು.

"ನೋಯ್ತದಾ?"

ಇಲ್ಲ ಎಂದು ತಲೆಯಾಡಿಸಿ ಹಲಗೆ ಕೈಗೆತ್ತಿಕೊಂಡೆ.

"ಅದು ಬೇಡ, ಕೆಳಗಿಡು. ನೀ ಸುಮಾರು ಹೇಳಾಯ್ತು. ಇವತ್ತು ಕೇಳು" ಎಂದಳು.

ಚಹಾ ಕುಡಿಯುತ್ತ ಹೇಳಿದಳು. ಕೇಶವನಿಗೆ ಚಿಕ್ಕಂದಿನಲ್ಲಿ ರಕ್ತ ಹೀರುವ ಉಂಬಳ ಕಂಡರೆ ಹೆದರಿಕೆಯಂತೆ. ಕಾಲಿಗೆ ಹತ್ತಿದರೆ ಬಿಡಿಸಿಕೊಳ್ಳದೆ ನಿಂತಲ್ಲೇ ಅಕ್ಕನನ್ನು ಕೂಗುತ್ತಿದ್ದನಂತೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಗಣಿತ ಹೋಯಿತು. ಕಿರವತ್ತಿಯ ಧಾಬಾದಲ್ಲಿ ಆರು ತಿಂಗಳು ಲೋಟ ತೊಳೆದ. ಅಲ್ಲಿಗೆ ಬಂದ ಲಾರಿ ಡ್ರೈವರನೊಬ್ಬ ಸೇನೆಯ ಭರ್ತಿಯ ವಿಷಯ ಹೇಳಿದ. ಹೊಟ್ಟೆ ತುಂಬ ಊಟ ಕೊಡುತ್ತಾರೆ ಎಂದು ಹೋದ. ದೇಶಸೇವೆ ಗೀಶಸೇವೆ ಎಂತದೂ ಇರಲಿಲ್ಲ ಎಂದಳು. ಹೋಗುವ ದಿನ ಅವಳ ಒಂದು ಹಳೇ ಸೀರೆಯ ತುಂಡು ಕೇಳಿ ತೆಗೆದುಕೊಂಡ. ಯಾಕೆ ಎಂದರೆ ಮೂಗು ಒರೆಸಲಿಕ್ಕೆ ಎಂದನಂತೆ.

ಇಷ್ಟು ಹೇಳಿ ನಕ್ಕಳು. ಗಿರಿಜಾ ನಕ್ಕಳು. ನನ್ನ ನಗುವಿಗೆ ಸದ್ದಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತದೆ. ಕೇಶವನನ್ನು ನಾನು ಒಂದು ಬೇಸಿಗೆ ಬಲ್ಲೆ. ಅವನ ಸಾವಿನ ಮೇಲೆ ಇಪ್ಪತ್ತೈದು ವರ್ಷ ಬದುಕಿದೆ. ಅವನು ಯಾರು ಎಂದು ಅವತ್ತು ಮಧ್ಯಾಹ್ನ ತಿಳಿಯಿತು.

ಹೊರಡುವಾಗ ಭಾಗಕ್ಕ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಹೇಳಿದಳು:

"ಆ ಕೊನೇ ಕಾಗ್ದದ್ದು ನೆನಪಾದ್ರೂ ನಂಗೆ ಹೇಳ್ಬೇಡ. ಈಗ ಎಂತ ಹೇಳಿದ್ರೂ ಅದು ನಿಂದಾಗ್ತದೆ. ಅಷ್ಟು ಕಪ್ಪು ನಂಗಿರ್ಲಿ."

ನಾನು ಒಪ್ಪಿದೆ.

ಕ್ಷಮಿಸಿದಳೇ ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ. ಅವಳು ಆ ಶಬ್ದ ಆಡಲಿಲ್ಲ, ನಾನು ಬರೆದು ಕೇಳಲಿಲ್ಲ. ಕಳೆದ ವಾರದ ಚೆಕಪ್ಪಿನಲ್ಲಿ ಡಾಕ್ಟರು ಸ್ಕೋಪ್ ಹಾಕಿ ನೋಡಿ ಸದ್ಯಕ್ಕೆ ಚ್ವಲೋ ಐತಿ, ಮೂರು ತಿಂಗಳ ಮೇಲೆ ಬರ್ರಿ ಎಂದಿದ್ದಾರೆ. ನನ್ನ ಪಾಲಿಗೆ ಮೂರು ಮೂರು ತಿಂಗಳ ಬದುಕು. ಬೆಟ್ಟದ ಮೇಲೆ ಮೂರು ತಿಂಗಳು ಎಂದರೆ ದೊಡ್ಡ ಆಯುಷ್ಯವಾಗಿತ್ತು. ಸಾಕು.

ಅವತ್ತು ಭಾಗಕ್ಕನನ್ನು ಬಿಡಲು ಬಸ್‌ಸ್ಟ್ಯಾಂಡಿಗೆ ಹೋದೆ. ಹೊರಡುವ ಮುಂಚೆ ಗಿರಿಜಾ ಆ ಯಂತ್ರವನ್ನು ನನ್ನ ಜೇಬಿಗೆ ತುರುಕಿದಳು. ಯಲ್ಲಾಪುರದ ಬಸ್ಸು ಹೊರಡುವುದರಲ್ಲಿತ್ತು, ತುಂಬ ಜನ. ಕೆಲವು ಬಸ್ಸು ಮಂಚಿಕೇರಿಯಲ್ಲಿ ನಿಲ್ಲುವುದಿಲ್ಲ. ಭಾಗಕ್ಕ ಬೆಲ್ಟು ಹಿಡಿದುಕೊಂಡು ಹಿಂದೆ ಉಳಿದಿದ್ದಳು. ಕಂಡಕ್ಟರ್ ಬಾಗಿಲಲ್ಲಿ ನಿಂತಿದ್ದ. ಬರೆದು ತೋರಿಸಲು ಹೊತ್ತಿರಲಿಲ್ಲ. ಯಂತ್ರ ತೆಗೆದು ಗದ್ದದ ಕೆಳಗೆ ಒತ್ತಿದೆ.

"ಮಂಚಿಕೇರಿಯಾಗ ನಿಲ್ಲತದೇನು?"

ಸುತ್ತ ನಿಂತವರೆಲ್ಲ ತಿರುಗಿದರು. ಒಂದು ಮಗು ತಾಯಿಯ ಹಿಂದೆ ಸರಿಯಿತು. ಕಂಡಕ್ಟರ್ ನನ್ನ ಕುತ್ತಿಗೆ ನೋಡಿದ, ಕೈಯಲ್ಲಿದ್ದ ಯಂತ್ರ ನೋಡಿದ.

"ನಿಲ್ತದೆ. ಎಷ್ಟು ಜನ?"

"ಒಬ್ಬರು" ಎಂದೆ.

"ಹತ್ತಿಸಿ, ಹತ್ತಿಸಿ" ಎಂದು ದಾರಿ ಬಿಟ್ಟ. ಭಾಗಕ್ಕ ಹತ್ತಿದಳು.